ಫೋನ್ ಪಿಜಿಯಲ್ಲಿ ಬಿಟ್ಟು ಬಂದ ಹುಡುಗಿ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಅವಳಿಗೆ 24 ವರ್ಷ. ಬೆಂಗಳೂರಿನಲ್ಲಿ ಕೆಲಸ. ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದಳು. ಹೊರಡುವಾಗ ಫೀಸಿಗೆ ಪರ್ಸಿನಿಂದ ನೋಟು ಎಣಿಸಿ ಕೊಟ್ಟಳು. ಈ ವಯಸ್ಸಿನವರ ಹತ್ತಿರ ನೋಟು ಇರುವುದೇ ಅಪರೂಪ, ಅಲ್ವಾ? ಫೋನ್ ಎಲ್ಲಿ ಅಂದೆ.

"ಪಿಜಿಯಲ್ಲೇ ಬಿಟ್ಟು ಬಂದೆ ಮೇಡಂ. ತಂದ್ರೆ ಅವಳಿಗೆ ಗೊತ್ತಾಗುತ್ತೆ."

ಅವಳು ಅಂದರೆ ಕಾಲೇಜಿನ ಗೆಳತಿ. ಇಬ್ಬರಿಗೂ ನೈಟ್ ಶಿಫ್ಟ್ ಇದ್ದಾಗ ಗೂಗಲ್ ಮ್ಯಾಪ್ಸ್‌ನಲ್ಲಿ ಲೊಕೇಶನ್ ಹಂಚಿಕೊಂಡಿದ್ದರು. ಎಷ್ಟು ಹೊತ್ತು ಅಂತ ಆಪ್ ಕೇಳಿದಾಗ, ಆಫ್ ಮಾಡುವವರೆಗೂ ಇರಲಿ ಅಂತ ಒತ್ತಿದ್ದರು. ಶಿಫ್ಟ್ ಮುಗಿದು ವರ್ಷವಾಯಿತು, ಹಂಚಿಕೆ ಮುಗಿಯಲಿಲ್ಲ. ಆ ಮ್ಯಾಪಿನಲ್ಲಿ ಬ್ಯಾಟರಿ ಎಷ್ಟಿದೆ ಅನ್ನುವುದೂ ಕಾಣುತ್ತದೆ. "ಜಯನಗರದಲ್ಲಿ ಏನೇ ಕೆಲಸ?" "ಚಾರ್ಜ್ 60 ಇದೆಯಲ್ಲ, ಫೋನ್ ಯಾಕೆ ಎತ್ತಲ್ಲ?" ದಿನಾ ಇದೇ. ಕ್ಷೇಮಕ್ಕೆ ಅಂತ ಶುರುವಾದದ್ದರ ಕಾಟಕ್ಕೆ ಹುಡುಗಿ ಈಗ ಕತ್ತಲಲ್ಲಿ ಫೋನೇ ಇಲ್ಲದೆ ಓಡಾಡುತ್ತಿದ್ದಳು.

ಗೆಳತಿಯನ್ನು ಕೆಟ್ಟವಳು ಅನ್ನಲು ನನಗೆ ಮನಸ್ಸಿಲ್ಲ. ಊರು ಬಿಟ್ಟು ಬಂದವಳು, ರೂಮಿನಲ್ಲಿ ಒಬ್ಬಳೇ. ಮ್ಯಾಪ್ ನೋಡುವುದು ಅಭ್ಯಾಸವಾಗಿಬಿಟ್ಟಿರಬೇಕು. ಹಾಗಂತ ಇವಳು ಎಲ್ಲದಕ್ಕೂ ಲೆಕ್ಕ ಒಪ್ಪಿಸಬೇಕಿಲ್ಲ.

ಸುಮ್ನೆ ಆಫ್ ಮಾಡಬೇಡ, ಮೊದಲು ಹೇಳು ಅಂದೆ. ಆಫ್ ಮಾಡಿದರೆ ಅವಳ ಮ್ಯಾಪಿನಿಂದ ನೀನು ಮಾಯವಾಗುತ್ತೀಯ, ಅದರಿಂದಲೇ ಜಗಳ. ಮೆಸೇಜ್ ಬೇಡ, ಎದುರು ಕೂತು ಮಾತಾಡು. ಕಾರಣ ಜಾಸ್ತಿ ವಿವರಿಸಬೇಡ. ವಿವರಿಸಿದಷ್ಟೂ ಚೌಕಾಸಿ ಶುರುವಾಗುತ್ತದೆ. ರಾತ್ರಿ ಕ್ಯಾಬ್ ಹತ್ತಿದಾಗ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಕಳಿಸು. 15 ನಿಮಿಷ, 1 ಗಂಟೆ, 8 ಗಂಟೆ ಅಂತ ಅದರಲ್ಲಿ ಅವಧಿ ಇದೆ, ತಾನಾಗಿ ನಿಲ್ಲುತ್ತದೆ.

ಹೆದರಿಸುವ ಗಂಡನೋ ಹಳೇ ಬಾಯ್‌ಫ್ರೆಂಡೋ ಆಗಿದ್ದರೆ ನಾನು ಈ ಸಲಹೆ ಕೊಡುತ್ತಿರಲಿಲ್ಲ. ಅಲ್ಲಿ ಲೊಕೇಶನ್ ನಿಂತದ್ದೇ ಕೆರಳಿಸಬಹುದು. ಮೊದಲು ನಂಬುವವರೊಬ್ಬರಿಗೆ ತಿಳಿಸಿ, ಇರಲು ಸುರಕ್ಷಿತ ಜಾಗ ನೋಡಿಕೊಂಡು, ಆಮೇಲೆ ಆಫ್ ಮಾಡಬೇಕು. ಅಪಾಯ ಅನ್ನಿಸಿದರೆ ತುರ್ತು ಸಹಾಯದ 112ಕ್ಕೆ ಫೋನ್ ಮಾಡಬೇಕು.

ಮುಂದಿನ ಸಲ ಫೋನ್ ತಂದಿದ್ದಳು. ಗೆಳತಿ ಎರಡು ದಿನ ಮಾತು ಬಿಟ್ಟಿದ್ದಳಂತೆ. ನಾವು ಮಾತಾಡುವಾಗಲೇ ಮೆಸೇಜ್ ಬಂತು: "ಎಲ್ಲಿದ್ದೀಯೇ?"

ಓದಿ, ಫೋನ್ ಬೋರಲು ಹಾಕಿ, "ಆಮೇಲೆ ಹೇಳ್ತೀನಿ ಬಿಡಿ" ಅಂದಳು.