ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ ಮೊಬೈಲ್ ಅಲೆಗಳಿಂದ ತೊಂದರೆಯೇ?

ಪ್ರಶ್ನೆ: ನನಗೆ ಆರು ತಿಂಗಳು ತುಂಬಿದೆ. ಮನೆಯಿಂದಲೇ ಕಚೇರಿ ಕೆಲಸ; ದಿನವಿಡೀ ಫೋನು, ವೈಫೈ. ಎದುರು ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ಬೇರೆ ಇದೆ. ಇದರಿಂದ ಮಗುವಿನ ಕಿವಿ ಕೆಡುತ್ತದೆ ಎಂದು ನೆರೆಯವರು ಹೆದರಿಸುತ್ತಾರೆ. ಅಕ್ಕನ ಮಗನಿಗೆ ಎರಡು ವರ್ಷವಾದರೂ ಮಾತು ಬಂದಿಲ್ಲ. ಅವನ ತೊಟ್ಟಿಲಲ್ಲಿ ಜೋಗುಳ ಹಾಕಿದ ಫೋನು ಇಡುತ್ತಿದ್ದರು, ಈಗ ಊಟಕ್ಕೂ ಫೋನು ಬೇಕು. ಅದರಿಂದಲೇ ಹೀಗಾಯಿತೆಂದು ಮನೆಯವರೆಲ್ಲ ಅಕ್ಕನನ್ನು ದೂರುತ್ತಾರೆ. ಇದು ನಿಜವೇ?
— ಓದುಗರು, ದಾವಣಗೆರೆ

ಉತ್ತರ: ಮೊದಲು ಅಕ್ಕನ ಮಗನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ. ಈ ವಾರವೇ ಅವನ ಕಿವಿ ಪರೀಕ್ಷೆ ಮಾಡಿಸಿ. "ಗಂಡು ಮಕ್ಕಳಿಗೆ ಮಾತು ತಡ", "ಅವರಪ್ಪನೂ ಮೂರು ವರ್ಷಕ್ಕೇ ಮಾತನಾಡಿದ್ದು" ಎಂಬ ಸಮಾಧಾನಗಳನ್ನು ಕೇಳಿಕೊಂಡು ಕುಳಿತು, ನಾಲ್ಕನೇ ವರ್ಷಕ್ಕೆ ಮಗುವನ್ನು ಕರೆತಂದ ತಾಯಂದಿರ ಕಣ್ಣೀರು ನೋಡಿದ್ದೇನೆ. ಹಿಂದಿನಿಂದ ತಟ್ಟೆ ಬಡಿದಾಗ ಮಗು ತಿರುಗಿದರೆ ಕಿವಿ ಸರಿಯಿದೆ ಎಂದು ಎಷ್ಟೋ ಮನೆಗಳಲ್ಲಿ ನಂಬುತ್ತಾರೆ. ಕಿವಿ ಪೂರ್ತಿ ಕೆಡದಿದ್ದರೆ ತಟ್ಟೆಯ ಸದ್ದು, ಬಾಗಿಲು ಬಡಿದ ಸದ್ದು ಕೇಳಿಸಬಹುದು. ಆದರೆ ಮಾತಿನೊಳಗಿನ 'ಸ', 'ತ', 'ಕ'ದಂಥ ಮೆಲು ಸದ್ದುಗಳು ಕೇಳಿಸದೇ ಹೋಗಬಹುದು. ಕೇಳದ ಮಾತನ್ನು ಮಗು ಆಡುವುದಾದರೂ ಹೇಗೆ? ದಯವಿಟ್ಟು ಅಕ್ಕನನ್ನು ದೂರುವುದನ್ನೂ ನಿಲ್ಲಿಸಿ. ಫೋನಿನ ಅಲೆಯಿಂದ ಆ ಮಗುವಿನ ಕಿವಿ ಕೆಟ್ಟಿತೆನ್ನಲು ಆಧಾರವಿಲ್ಲ.

ಇನ್ನು ನಿಮ್ಮ ಕೂಸಿನ ಕಿವಿಯ ವಿಚಾರ. ಕಡಲೆಕಾಳಿನ ಗಾತ್ರದ, ಬಸವನಹುಳುವಿನಂತೆ ಸುರುಳಿ ಸುತ್ತಿದ ಒಳಕಿವಿಯ ಭಾಗವಾದ ಕಾಕ್ಲಿಯಾ ಐದನೇ ತಿಂಗಳ ಹೊತ್ತಿಗೇ ಹೆಚ್ಚೂಕಡಿಮೆ ಪೂರ್ಣ ರೂಪ ಪಡೆಯುತ್ತದೆ. ಅದರೊಳಗೆ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿರುತ್ತವೆ. ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೀವೀಗ ಇರುವ ಹಂತದಲ್ಲಿ ಮಗು ಸದ್ದಿಗೆ ಸ್ಪಂದಿಸಲು ಆರಂಭಿಸಿರುತ್ತದೆ. ಕಿವಿಯಿಂದ ಮಿದುಳಿಗೆ ಹೋಗುವ ನರಮಾರ್ಗ ಹುಟ್ಟಿದ ಮೇಲೂ ಒಂದೆರಡು ವರ್ಷ ಬಲಿಯುತ್ತಲೇ ಇರುತ್ತದೆ. ಬೆಳೆಯುವ ಕಿವಿ ಸೂಕ್ಷ್ಮ ಎಂಬ ನಿಮ್ಮ ಆತಂಕಕ್ಕೆ ಕಾರಣವಿದೆ. ಆದರೆ ಯಾವುದಕ್ಕೆ ಸೂಕ್ಷ್ಮ ಎಂಬುದನ್ನು ಬಿಡಿಸಿ ನೋಡಬೇಕು.

'ವಿಕಿರಣ' ಎಂಬ ಒಂದೇ ಪದವನ್ನು ಎಕ್ಸ್‌ರೇಗೂ ಮೊಬೈಲಿಗೂ ಬಳಸುವುದರಿಂದ ಅರ್ಧ ಭಯ ಹುಟ್ಟಿದೆ. ಎಕ್ಸ್‌ರೇಗೆ ಜೀವಕೋಶದೊಳಗಿನ ಅಣುಗಳ ಬಂಧ ಮುರಿಯುವ ಶಕ್ತಿ ಇದೆ. ಮೊಬೈಲು, ವೈಫೈ, ಟವರುಗಳು ಹೊಮ್ಮಿಸುವ ರೇಡಿಯೊ ಅಲೆಗೆ ಅದಿಲ್ಲ. ಅದರಿಂದ ಖಚಿತವಾಗಿ ಆಗುವುದೆಂದರೆ ಅಂಗಾಂಶ ಒಂದಿಷ್ಟು ಬಿಸಿಯಾಗುವುದು. ಅದನ್ನು ಹದ್ದಿನಲ್ಲಿಡಲೆಂದೇ 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ಫೋನಿನಿಂದ ದೇಹ ಹೀರಬಹುದಾದ ಶಕ್ತಿಯ ಮಿತಿಯನ್ನು ಅಂಗಾಂಶದ ಕಿಲೋಗ್ರಾಂಗೆ 1.6 ವ್ಯಾಟ್ ಎಂದು ಬಿಗಿಗೊಳಿಸಲಾಗಿದೆ. ಟವರುಗಳಿಗಂತೂ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು ಮಾತ್ರ. ನಿಮ್ಮ ಫೋನಿನಲ್ಲಿ *#07# ಒತ್ತಿದರೆ ಅದರ ಅಂಕಿ ಪರದೆಯ ಮೇಲೆ ಬರುತ್ತದೆ. ದೂರ ಹೆಚ್ಚಿದಂತೆ ಅಲೆಯ ಬಲ ಬಹುಬೇಗ ಕುಗ್ಗುವುದರಿಂದ, ಎದುರು ತಾರಸಿಯ ಟವರಿಗಿಂತ ಕಿವಿಗೆ ಒತ್ತಿಕೊಂಡ ಫೋನಿನಿಂದಲೇ ದೇಹಕ್ಕೆ ಹೆಚ್ಚು ಶಕ್ತಿ ತಲುಪುತ್ತದೆ. ಟವರ್ ದೂರವಾಗಿ ಸಿಗ್ನಲ್ ಕುಂದಿದಷ್ಟೂ ಫೋನು ಗಂಟಲು ಹರಿದುಕೊಂಡು ಕೂಗಬೇಕಾಗುತ್ತದೆ ಎಂಬುದನ್ನು ಟವರ್ ತೆಗೆಸಲು ಹೊರಟವರು ಮರೆಯುತ್ತಾರೆ. ಮಗುವಿನ ಕಿವಿಯಂತೂ ನಿಮ್ಮ ಹೊಟ್ಟೆಯ ಪದರ, ಗರ್ಭಕೋಶ, ಮಗುವನ್ನು ಸುತ್ತಿರುವ ಗರ್ಭದ ನೀರು ಇವೆಲ್ಲದರ ಆಚೆಗಿದೆ. ಮೊಬೈಲ್ ಅಲೆಯ ಬಹುಪಾಲು ಮೊದಲ ಕೆಲವು ಸೆಂಟಿಮೀಟರುಗಳಲ್ಲೇ ಇಂಗಿಹೋಗುತ್ತದೆ.

ಕಿವಿಗೂ ರೇಡಿಯೊ ಅಲೆಗೂ ನಂಟೇ ಇಲ್ಲವೆಂದಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಅಲನ್ ಫ್ರೇ ಒಂದು ವಿಚಿತ್ರವನ್ನು ದಾಖಲಿಸಿದರು: ರೇಡಾರ್‌ನ ಬಲವಾದ ಮಿಡಿತಗಳಿಗೆ ಒಡ್ಡಿಕೊಂಡವರಿಗೆ ತಲೆಯೊಳಗೆ ಟಿಕ್ ಟಿಕ್ ಸದ್ದು ಕೇಳಿಸುತ್ತಿತ್ತು. ಪ್ರತಿ ಮಿಡಿತಕ್ಕೂ ಅಂಗಾಂಶ ಕೂದಲೆಳೆಯಷ್ಟು ಹಿಗ್ಗಿ, ಆ ಒತ್ತಡದ ಅಲೆ ಕಾಕ್ಲಿಯಾಕ್ಕೆ ಮುಟ್ಟುತ್ತದೆ. ಮೊಬೈಲಿನ ಮಿಡಿತ ಅದಕ್ಕಿಂತ ತೀರಾ ದುರ್ಬಲ. ಯುರೋಪಿನಲ್ಲಿ ಈ ಪ್ರಶ್ನೆಗೆಂದೇ ನಡೆದ 'ಗಾರ್ಡ್' ಎಂಬ ಯೋಜನೆಯಲ್ಲಿ, ಹತ್ತು ನಿಮಿಷ ಫೋನು ಹಿಡಿಯುವ ಮೊದಲು ಮತ್ತು ನಂತರ ಯುವಜನರ ಕಿವಿ ಪರೀಕ್ಷಿಸಿದರು. ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ವಯಸ್ಕರು, ಸಮಯವೂ ಅಲ್ಪ. ಮಕ್ಕಳ ವಿಷಯದಲ್ಲಿ ಡೆನ್ಮಾರ್ಕಿನಿಂದ 2013ರಲ್ಲಿ ಬಂದ ಅಧ್ಯಯನ ದೊಡ್ಡದು. ಏಳು ವರ್ಷದ ಸುಮಾರು 52,000 ಮಕ್ಕಳ ಮಾಹಿತಿ ಅದರಲ್ಲಿದೆ. ಫೋನು ಬಳಸುವ ಮಕ್ಕಳಲ್ಲಿ ಕೇಳುವ ತೊಂದರೆ ತುಸು ಹೆಚ್ಚು ಕಂಡಿತು. ನಂಟು ತೆಳುವಾದದ್ದು, ಬೇರೆ ಕಾರಣಗಳಿಂದಲೂ ಹೀಗೆ ಕಂಡಿರಬಹುದು ಎಂದು ಸಂಶೋಧಕರೇ ಎಚ್ಚರಿಸಿದರು. ಫೋನಿನಲ್ಲಿ ಅಲೆಯೂ ಇದೆ, ಸದ್ದೂ ಇದೆಯಲ್ಲ! ತುರ್ಕಿಯಲ್ಲಿ ಮೊಲದ ಮರಿಗಳ ಮೇಲೆ ನಡೆದಂಥ ಪ್ರಯೋಗಗಳಿಂದ ಮನುಷ್ಯರ ಕೂಸಿನ ಬಗ್ಗೆ ತೀರ್ಪು ಕೊಡಲಾಗದು.

ಬಹಳ ಮಂದಿ ಹಿಡಿದುಕೊಳ್ಳುವ ಇನ್ನೊಂದು ಮಾತು 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಅಲೆಗಳನ್ನು '2ಬಿ', ಅಂದರೆ 'ಕ್ಯಾನ್ಸರ್ ತರಬಹುದೇನೋ' ಎಂಬ ಗುಂಪಿಗೆ ಸೇರಿಸಿದ್ದು. ಅದು ಕ್ಯಾನ್ಸರಿಗೆ ಸಂಬಂಧಿಸಿದ್ದು, ಶ್ರವಣಕ್ಕಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ.

ರೋಮಕೋಶಗಳನ್ನು ನಿಜಕ್ಕೂ ಕೊಲ್ಲುವುದು ಜೋರು ಸದ್ದು. ಕೂಸಿನ ಕಿವಿಯ ನಾಳ ಕಿರಿದಾದ್ದರಿಂದ ಅದೇ ಸದ್ದು ಅಲ್ಲಿ ಇನ್ನೂ ಜೋರಾಗುತ್ತದೆ. ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್‌ ಮೀರದಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿಂಬಿನ ಪಕ್ಕದ ಫೋನಾಗಲಿ, ಜಾತ್ರೆಯಲ್ಲಿ ಕೊಂಡ ಪೀಪಿಯಾಗಲಿ ಕಿವಿಗೆ ತಾಗಿದಂತಿರಬಾರದು. ಮಾತಿನ ಮಟ್ಟಿಗೆ ಹೇಳುವುದಾದರೆ, ತುತ್ತಿಗೊಂದು ವಿಡಿಯೊ ತೋರಿಸುವಾಗ ತಪ್ಪಿಹೋಗುವುದು ತಾಯಿ ಮಗುವಿನ ನಡುವಿನ ಮಾತುಕತೆ. "ಅಗೋ ಕಾಗೆ ಬಂತು, ಎಲ್ಲಿ ಬಾಯಿ ತೆಗಿ" ಎಂದರೆ ಮಗು 'ಆ' ಎನ್ನುತ್ತದೆ. ವಿಡಿಯೊ ಅದರ ಉತ್ತರಕ್ಕೆ ಕಾಯುವುದಿಲ್ಲ.

ನಿಮ್ಮ ಹೆರಿಗೆಯಾದ ಮೇಲೆ, ಆಸ್ಪತ್ರೆಯಿಂದ ಹೊರಡುವ ಮೊದಲೇ 'ಓಎಇ' ಪರೀಕ್ಷೆ ಕೇಳಿ ಮಾಡಿಸಿ. ಹಾಲು ಕುಡಿದು ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಪುಟ್ಟ ತುದಿ ಇಟ್ಟು ಸಣ್ಣ ಸದ್ದು ಬಿಡುತ್ತಾರೆ. ಆರೋಗ್ಯವಂತ ಕಾಕ್ಲಿಯಾ ಅದಕ್ಕೆ ತನ್ನದೇ ಕ್ಷೀಣ ದನಿಯಲ್ಲಿ ಮಾರುತ್ತರ ಕೊಡುತ್ತದೆ, ಒಳಗಿನ ಮೈಕ್ ಅದನ್ನು ಹಿಡಿಯುತ್ತದೆ. ಮಗು ನಿದ್ದೆಯಿಂದ ಏಳುವುದೂ ಇಲ್ಲ. ಇಷ್ಟು ವರ್ಷ ನೋಡಿದರೂ ಆ ಮಾರುತ್ತರ ಪರದೆಯ ಮೇಲೆ ಮೂಡಿದಾಗ ನನ್ನ ಮನಸ್ಸು ಹಗುರಾಗುತ್ತದೆ. ಜೋರು ಕಾಮಾಲೆ ಬಂದಿದ್ದರೆ, ತೀವ್ರ ನಿಗಾ ಘಟಕದಲ್ಲಿ ಇದ್ದಿದ್ದರೆ, ನರದ ಪರೀಕ್ಷೆಯಾದ 'ಎಬಿಆರ್' ಕೂಡ ಬೇಕು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಅಥವಾ ತರಬೇತಿ: ಲೋಕವೆಲ್ಲ ಒಪ್ಪಿದ ಗಡುವು ಇದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಇನ್ನೂ ಇದೆ. ಅಂಥ ಮನೆಗಳಲ್ಲಿ ಹುಟ್ಟು ಕಿವುಡಿನ ಸಂಭವ ಹೆಚ್ಚು. ಗರ್ಭಿಣಿಗೆ ರುಬೆಲ್ಲಾ ಸೋಂಕು, ಜೆಂಟಾಮೈಸಿನ್‌ನಂಥ ಕೆಲವು ಔಷಧಗಳೂ ಕಾರಣ. ಟವರನ್ನು ಬೈಯುವವರು ಇವುಗಳ ಸುದ್ದಿ ಎತ್ತುವುದೇ ಇಲ್ಲ, ನನಗೆ ನೋವಾಗುವುದು ಅದಕ್ಕೇ. ಅಕ್ಕನ ಮಗನನ್ನು ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗಕ್ಕೋ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಕರೆದೊಯ್ಯಿರಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡವೂ ದಾರಿ ತೋರಿಸುತ್ತದೆ.

ಫೋನಿನ ಮಟ್ಟಿಗೆ ಸುಮ್ಮನೆ ಇಷ್ಟು ಮಾಡಿ: ದೀರ್ಘ ಕರೆಗಳಿಗೆ ಸ್ಪೀಕರ್ ಹಾಕಿ, ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಬೇಡಿ. ಖರ್ಚಿಲ್ಲದ ಎಚ್ಚರಿಕೆ ಎಂದು ಹೇಳುತ್ತಿದ್ದೇನೆ, ಅಪಾಯ ಸಾಬೀತಾಗಿದೆ ಎಂದಲ್ಲ.

ಪ್ರಶ್ನೆ: ಹೊಟ್ಟೆಯ ಮೇಲೆ ಹೆಡ್‌ಫೋನ್ ಇಟ್ಟು ಮಗುವಿಗೆ ಶಾಸ್ತ್ರೀಯ ಸಂಗೀತ ಕೇಳಿಸಬಹುದೇ?
— ಓದುಗರು, ಶಿರಸಿ

ಉತ್ತರ: ಬೇಡ. ಚರ್ಮಕ್ಕೆ ಒತ್ತಿಟ್ಟ ಸ್ಪೀಕರಿನ ಸದ್ದು ಒಳಗೆಷ್ಟು ಜೋರಾಗಿದೆ ಎಂದು ನಿಮಗೆ ತಿಳಿಯುವುದಿಲ್ಲ. ತಾಯಿಯ ದನಿ ಮಾತ್ರ ಮೂಳೆ, ಮಾಂಸಗಳ ಮೂಲಕವೂ ಹಾಯ್ದು ಮಗುವಿಗೆ ಚೆನ್ನಾಗಿ ತಲುಪುತ್ತದೆ. ಹುಟ್ಟಿದ ಕೂಸು ಆ ದನಿಯನ್ನು ಗುರುತಿಸುತ್ತದೆ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ, ನೀವೇ ಹಾಡಿ.