ಸಾಧನ ಕಿತ್ತ ಮೇಲೆ ಕರ್ನಲ್ ಕುಸಿಯುವುದೇಕೆ?

ಪ್ರಶ್ನೆ: ನಾನು ಬರೆದ ಲಿನಕ್ಸ್ ಯುಎಸ್‌ಬಿ ಡ್ರೈವರ್‌ನಲ್ಲಿ (ಸಾಧನವನ್ನು ನಡೆಸುವ ತಂತ್ರಾಂಶದಲ್ಲಿ), ಅಪ್ಲಿಕೇಶನ್ ಸಾಧನದ ಫೈಲ್ ತೆರೆದಿಟ್ಟಿರುವಾಗ ಕೇಬಲ್ ಕಿತ್ತರೆ ಏನೂ ಆಗುವುದಿಲ್ಲ, ಆಮೇಲೆ ಅಪ್ಲಿಕೇಶನ್ ಮುಚ್ಚಿದೊಡನೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕುಸಿಯುತ್ತದೆ. ಮೆಮೊರಿಯನ್ನು, ಕರ್ನಲ್ ತಾನೇ ಅದನ್ನು ಬಿಡುಗಡೆ ಮಾಡುವ ಡೆವ್‌ಎಂ ಫಂಕ್ಷನ್‌ನಿಂದ ಪಡೆದಿದ್ದೇನೆ. ಸಾಧನ ಕಿತ್ತಾಗ ಕರ್ನಲ್ ಕರೆಯುವ ಡಿಸ್‌ಕನೆಕ್ಟ್ ಫಂಕ್ಷನ್‌ನಲ್ಲಿ ಎರಡು ಸೆಕೆಂಡು ಕಾಯುವಂತೆ ಬರೆದರೆ ಸಾಕೇ?

ಉತ್ತರ: ಸಾಲದು. ಈ ನಾಟಿ ಮದ್ದನ್ನು ಹೇಳಿಕೊಡುವವರ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಅಪ್ಲಿಕೇಶನ್ ಒಂದು ಗಂಟೆ ಬಿಟ್ಟು ಫೈಲ್ ಮುಚ್ಚಿದರೆ ನಿಮ್ಮ ಎರಡು ಸೆಕೆಂಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ಡೆವ್‌ಎಂ ಮೂಲಕ ಪಡೆದ ಮೆಮೊರಿ, ಸಾಧನದಿಂದ ಡ್ರೈವರ್ ಬೇರ್ಪಟ್ಟಾಗ, ಅಂದರೆ ಡಿಸ್‌ಕನೆಕ್ಟ್ ಮುಗಿದ ಬೆನ್ನಿಗೇ, ಬಿಡುಗಡೆಯಾಗುತ್ತದೆ. ತೆರೆದ ಫೈಲಿನ ಪಾಯಿಂಟರ್ ಮಾತ್ರ ಆ ಜಾಗವನ್ನೇ ತೋರಿಸುತ್ತಿರುತ್ತದೆ, ಫೈಲ್ ಮುಚ್ಚಿದಾಗ ಓಡುವ ರಿಲೀಸ್ ಫಂಕ್ಷನ್ ಅದನ್ನು ಮುಟ್ಟುತ್ತದೆ. ಆದ್ದರಿಂದ ಆ ಮೆಮೊರಿಯಲ್ಲಿರುವ ಸ್ಟ್ರಕ್ಚರ್‌ಗೆ (ಸಾಧನದ ಮಾಹಿತಿಯ ಕಟ್ಟಿಗೆ) ಸಾಮಾನ್ಯ ಕೆಝಡ್‌ಅಲಾಕ್ (ನೀವೇ ಬಿಡುಗಡೆ ಮಾಡಬೇಕಾದ ಮೆಮೊರಿ ಕೊಡುವ ಫಂಕ್ಷನ್) ಬಳಸಿ, ಅದನ್ನು ಎಷ್ಟು ಕಡೆ ಬಳಸುತ್ತಿದ್ದಾರೆಂದು ತಿಳಿಸುವ ಕೆರೆಫ್ ಎಣಿಕೆ ಇಡಿ: ಸಾಧನ ಸಿಕ್ಕಾಗ ಓಡುವ ಪ್ರೋಬ್‌ನಲ್ಲಿ ಒಂದು, ಪ್ರತಿ ಓಪನ್‌ಗೆ ಒಂದು. ಡಿಸ್‌ಕನೆಕ್ಟ್ ತನ್ನದನ್ನು ಬಿಡಲಿ, ರಿಲೀಸ್ ತನ್ನದನ್ನು ಬಿಡಲಿ. ಕೊನೆಗೆ ಬಿಟ್ಟವರಿಂದ ಮೆಮೊರಿ ಬಿಡುಗಡೆಯಾಗುತ್ತದೆ.

ಎಣಿಕೆಯೊಂದೇ ಸಾಲದು. ಡಿಸ್‌ಕನೆಕ್ಟ್‌ನಲ್ಲಿ ಮೊದಲು ಸಾಧನವನ್ನು ಡಿರಿಜಿಸ್ಟರ್ ಮಾಡಿ ಹೊಸ ಓಪನ್ ತಡೆಯಿರಿ. ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದು ‘ಸಾಧನ ಹೋಗಿದೆ’ ಎಂಬ ಗುರುತು ಹಾಕಿ, ಮ್ಯೂಟೆಕ್ಸ್ ಬಿಟ್ಟ ಮೇಲೆ ಬಾಕಿ ಯುಆರ್‌ಬಿಗಳನ್ನು (ಯುಎಸ್‌ಬಿ ವಿನಂತಿಗಳನ್ನು) ಕೊಲ್ಲಿ, ವರ್ಕ್ (ಆಮೇಲೆ ಮಾಡಲು ಸರದಿಗೆ ಹಾಕಿದ ಕೆಲಸ) ಮತ್ತು ಟೈಮರ್‌ಗಳನ್ನು ಮುಗಿಯುವವರೆಗೆ ಕಾದು ರದ್ದುಮಾಡಿ. ಮ್ಯೂಟೆಕ್ಸ್ ಹಿಡಿದುಕೊಂಡೇ ರದ್ದುಮಾಡಲು ಹೋದರೆ, ಅದೇ ಮ್ಯೂಟೆಕ್ಸ್‌ಗಾಗಿ ಕಾದಿರುವ ವರ್ಕ್ ಎಂದೂ ಮುಗಿಯದೆ ಇಬ್ಬರೂ ಸಿಕ್ಕಿಬೀಳುತ್ತಾರೆ. ರೀಡ್, ರೈಟ್‌ಗಳು ಮ್ಯೂಟೆಕ್ಸ್ ಹಿಡಿದ ಮೇಲೆಯೇ ಗುರುತನ್ನು ನೋಡಿ, ಅದು ಇದ್ದರೆ ಇನೋಡೆವ್ (‘ಸಾಧನ ಇಲ್ಲ’) ದೋಷ ಮರಳಿಸಲಿ. ಹೆಚ್ಚಿನವರು ಮರೆಯುವುದು ರೀಡ್‌ನಲ್ಲಿ ಮಲಗಿರುವ ಪ್ರೋಸೆಸ್ಸನ್ನು: ಅದನ್ನು ಎಬ್ಬಿಸಬೇಕು, ಅದು ಕಾಯುವ ಷರತ್ತಿನಲ್ಲೇ ಈ ಗುರುತೂ ಇರಬೇಕು, ಇಲ್ಲವಾದರೆ ಎದ್ದು ಮತ್ತೆ ಮಲಗುತ್ತದೆ. ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕೆಎಎಸ್‌ಎಎನ್ ಇರುವ ಕರ್ನಲ್‌ನಲ್ಲಿ ಪರೀಕ್ಷಿಸದೆ ‘ಸರಿಹೋಯಿತು’ ಎಂದು ಬರೆದವರನ್ನು ನಾನು ನಂಬುವುದಿಲ್ಲ, ಏಕೆಂದರೆ ಬಿಡುಗಡೆಯಾದ ಮೆಮೊರಿಯನ್ನು ಮುಟ್ಟಿದರೂ ಎಷ್ಟೋ ಸಲ ಏನೂ ಆಗದಂತೆ ಕಾಣುತ್ತದೆ.

ಪ್ರಶ್ನೆ: ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕಿತ್ತಾಗ ‘ಬ್ಯುಸಿ’ ಬಿಟ್ (ಕಾರ್ಡ್ ಕೆಲಸದಲ್ಲಿದೆ ಎಂಬ ಗುರುತು) 0 ಆಗಲೆಂದು ಕಾಯುವ ಲೂಪ್ ನಿಲ್ಲುವುದೇ ಇಲ್ಲ, ಏಕೆ?

ಉತ್ತರ: ಇಲ್ಲದ ಕಾರ್ಡಿನ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1 ಆಗಿಯೇ ಬರುತ್ತವೆ, ಬ್ಯುಸಿ ಬಿಟ್ ಕೂಡ; ಲೂಪಿಗೆ ಸಮಯದ ಮಿತಿ ಹಾಕಿ, ಆ ಮೌಲ್ಯವನ್ನೂ ಪರೀಕ್ಷಿಸಿ.

ಪ್ರಶ್ನೆ: ‘ಸುರಕ್ಷಿತವಾಗಿ ತೆಗೆಯಿರಿ’ ಎಂದು ಕೈಪಿಡಿಯಲ್ಲಿ ಬರೆದರೆ ಇಷ್ಟೆಲ್ಲ ಏಕೆ?

ಉತ್ತರ: ಸಡಿಲವಾದ ಕನೆಕ್ಟರ್, ವಿದ್ಯುತ್ ಹೋದ ಹಬ್ ಕೈಪಿಡಿ ಓದುವುದಿಲ್ಲ.

ಪ್ರಶ್ನೆ: ವಿಂಡೋಸ್‌ನಲ್ಲಿ ಈ ತಾಪತ್ರಯ ಇಲ್ಲವೇ?

ಉತ್ತರ: ಇದೆ. ವಿಂಡೋಸ್ 2000ದಿಂದ ಹಠಾತ್ ತೆಗೆತಕ್ಕೆ ಪ್ರತ್ಯೇಕ ವಿನಂತಿ ಮೊದಲು ಬರುತ್ತದೆ, ಅಪ್ಲಿಕೇಶನ್‌ಗಳು ಸಾಧನಕ್ಕೆ ತೆರೆದಿಟ್ಟ ಹ್ಯಾಂಡಲ್‌ಗಳೆಲ್ಲ ಮುಚ್ಚಿದ ಮೇಲಷ್ಟೇ ಅಂತಿಮ ತೆಗೆಯುವಿಕೆಯ ವಿನಂತಿ. ಈ ನಡುವೆ ಹಾರ್ಡ್‌ವೇರನ್ನು ಮುಟ್ಟದಿರುವ ಹೊಣೆ ಡ್ರೈವರಿನದೇ.