ಅಡುಗೆ ಸೋಡಾ, ವಿನೆಗರ್ ಇಟ್ಟ ಪೆಟ್ಟಿಗೆಯ ಸಸಿಗಳೇ ಸುಟ್ಟಹಾಗಾದವು, ಏಕೆ?

ನಿಮ್ಮ ಪ್ರಶ್ನೆ ಇಷ್ಟು: 20 ಲೀಟರಿನ ಎರಡು ಪಾರದರ್ಶಕ ಪೆಟ್ಟಿಗೆ, ಎರಡರಲ್ಲೂ ಮೂಲಂಗಿ ಸಸಿ. ಒಂದರಲ್ಲಿ ದಿನಾ ಒಂದು ಚಮಚ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಮುಚ್ಚಿದ್ದೀರಿ, ಇನ್ನೊಂದನ್ನು ಹಾಗೇ ಮುಚ್ಚಿದ್ದೀರಿ. ಇಂಗಾಲದ ಡೈಆಕ್ಸೈಡ್ ಹೆಚ್ಚು ಸಿಕ್ಕ ಸಸಿಗಳ ಎಲೆಯಂಚು ಕಂದಿದೆ, ಇನ್ನೊಂದು ಪೆಟ್ಟಿಗೆಯವೂ ಪೀಚಾಗಿವೆ. ಮಗಳ ವಿಜ್ಞಾನ ಮೇಳಕ್ಕೆ ಏಳು ವಾರ ಉಳಿದಿದೆ.

ಮೊದಲು ಲೆಕ್ಕ ನೋಡೋಣ. 84 ಗ್ರಾಂ ಅಡುಗೆ ಸೋಡಾದಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಂದರೆ ಕೋಣೆಯ ತಾಪಮಾನದಲ್ಲಿ 1 ಗ್ರಾಂ ಸೋಡಾಕ್ಕೆ ಸುಮಾರು 290 ಮಿ.ಲೀ. ಅನಿಲ. ಒಂದು ಚಮಚ ಸುಮಾರು 5 ಗ್ರಾಂ, ಹೆಚ್ಚುಕಡಿಮೆ ಒಂದೂವರೆ ಲೀಟರ್ ಅನಿಲ. 20 ಲೀಟರ್ ಪೆಟ್ಟಿಗೆಯಲ್ಲಿ ಅದು ಶೇ. 7, ಅಂದರೆ 70,000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಷ್ಟು ಭಾಗ). ಹೊರಗಿನ ಗಾಳಿಯಲ್ಲಿ ಇರುವುದು 420 ಪಿಪಿಎಂ ಆಸುಪಾಸು. ಹಸಿರುಮನೆ ಬೆಳೆಗಾರರು ಬೇಕೆಂದೇ ಏರಿಸುವುದೂ 800ರಿಂದ 1,200ರವರೆಗೆ ಮಾತ್ರ. ನಿಮಗೆ 600 ಪಿಪಿಎಂ ಹೆಚ್ಚಿಸಲು ಬೇಕಿದ್ದದ್ದು 12 ಮಿ.ಲೀ. ಅನಿಲ, ಅಂದರೆ 0.04 ಗ್ರಾಂ ಸೋಡಾ. ಚಿಟಿಕೆಗಿಂತಲೂ ಕಡಿಮೆ! ಇದರ ಮೇಲೆ ಮುಚ್ಚಿದ ಪೆಟ್ಟಿಗೆಯಲ್ಲಿ ವಿನೆಗರಿನ ಆವಿಯೂ ತುಂಬುತ್ತದೆ. ಎಲೆಯಂಚು ಸುಟ್ಟಹಾಗೆ ಕಾಣುವುದಕ್ಕೆ ನಾನು ಮೊದಲು ಅನುಮಾನಿಸುವುದು ಆ ಆವಿಯನ್ನೇ.

ಇನ್ನೊಂದು ಪೆಟ್ಟಿಗೆಯದು ಉಪವಾಸ. 20 ಲೀಟರ್ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬರೀ 8.4 ಮಿ.ಲೀ., ತೂಕದಲ್ಲಿ 15 ಮಿಲಿಗ್ರಾಂ. ಗಿಡ 1 ಗ್ರಾಂ ಒಣ ತೂಕ ಕಟ್ಟಿಕೊಳ್ಳಲು ಸುಮಾರು 1.6 ಗ್ರಾಂ ಬೇಕು. ಒಳ್ಳೆಯ ಬೆಳಕಿದ್ದರೆ ಹತ್ತು ಸಸಿಗಳು ಒಂದೆರಡು ಗಂಟೆಯಲ್ಲೇ ಪೆಟ್ಟಿಗೆಯಲ್ಲಿದ್ದುದನ್ನು ಬಹುಪಾಲು ಮುಗಿಸಿಬಿಡುತ್ತವೆ. ರಾತ್ರಿ ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ಉಸಿರಾಟದಿಂದ ಅದೇ ಪೆಟ್ಟಿಗೆಯಲ್ಲಿ ಪ್ರಮಾಣ ಮತ್ತೆ ಏರುತ್ತದೆ. ಹೀಗಿರುವಾಗ ಅದನ್ನು 'ಸಾಮಾನ್ಯ ಗಾಳಿ' ಎಂದು ಕರೆಯುವಂತಿಲ್ಲ. ಸೋಡಾದ ಅಳತೆ ಸರಿಮಾಡಿದರೂ ಈ ಹೋಲಿಕೆ ನಿಲ್ಲದು. ಪೆಟ್ಟಿಗೆ ಮುಚ್ಚಿಡುವ ವಿಧಾನವನ್ನೇ ಬಿಟ್ಟು, ಗಾಳಿ ಸದಾ ಹರಿಯುವಂತೆ ಮಾಡಿ.

ಬೇಕಾದದ್ದು ನಾಲ್ಕು ಒಂದೇ ಅಳತೆಯ ಪೆಟ್ಟಿಗೆ, ಎರಡು ಅಕ್ವೇರಿಯಂ ಪಂಪ್, ಅದರದೇ ತೆಳು ಕೊಳವೆ, ಖಾಲಿ ಬಾಟಲಿಗಳು. ಒಂದು ಪಂಪ್ ನಿಮಿಷಕ್ಕೆ ಸುಮಾರು 4 ಲೀಟರ್ ಗಾಳಿಯನ್ನು ಒಂದು ಖಾಲಿ ಬಾಟಲಿಗೆ ತುಂಬಲಿ. ಸಕ್ಕರೆ ನೀರಿನಲ್ಲಿ ಹುದುಗುವ ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್ ಕೂಡ ಅದೇ ಬಾಟಲಿಗೆ ಬಂದು ಬೆರೆಯಲಿ. ಅಲ್ಲಿಂದ ಎರಡು ಕೊಳವೆ ಎರಡು ಪೆಟ್ಟಿಗೆಗಳಿಗೆ. ಉಳಿದೆರಡಕ್ಕೆ ಇದೇ ಜೋಡಣೆ, ಯೀಸ್ಟ್ ಮಾತ್ರ ಇಲ್ಲ. ಗಾಳಿ ಹೊರಹೋಗಲು ಪ್ರತಿ ಪೆಟ್ಟಿಗೆಗೂ, ಕೊಳವೆ ಬರುವ ಕಡೆಗೆ ಎದುರಾಗಿ, 5 ಮಿ.ಮೀ.ನ ಎರಡು ತೂತು ಸಾಕು. ಹರಿವು ಅಳೆಯಲು 1 ಲೀಟರ್ ಬಾಟಲಿಗೆ ನೀರು ತುಂಬಿ ಬಕೆಟ್ಟಿನಲ್ಲಿ ಬೋರಲು ಹಿಡಿದು ಕೊಳವೆಯನ್ನು ಒಳಗಿಡಿ. ಅರ್ಧ ನಿಮಿಷದಲ್ಲಿ ಖಾಲಿಯಾದರೆ ನಿಮಿಷಕ್ಕೆ 2 ಲೀಟರ್. ಪಂಪ್‌ಗಳು ಗಾಳಿ ಎಳೆಯುವುದು ಕಿಟಕಿಯ ಹೊರಗಿಂದಲೇ ಆಗಿರಲಿ. ನಾವು ಬಿಡುವ ಉಸಿರಿನಲ್ಲಿ ಶೇ. 4ರಷ್ಟು ಇಂಗಾಲದ ಡೈಆಕ್ಸೈಡ್ ಇರುವುದರಿಂದ, ಜನರಿರುವ ಮುಚ್ಚಿದ ಕೋಣೆಯಲ್ಲಿ ಅದು 1,000 ಪಿಪಿಎಂ ದಾಟುವುದು ಅಪರೂಪವಲ್ಲ.

ಯೀಸ್ಟಿಗೆ 2 ಲೀಟರ್ ಬಾಟಲಿ, ಸುಮಾರು 1.3 ಲೀಟರ್ ಉಗುರುಬೆಚ್ಚಗಿನ ನೀರು, 100 ಗ್ರಾಂ ಸಕ್ಕರೆ, ಕಾಲು ಚಮಚ ಒಣ ಯೀಸ್ಟ್. ನೊರೆ ಏರುವುದರಿಂದ ಮೇಲೆ ಮೂರನೇ ಒಂದು ಭಾಗ ಖಾಲಿ ಇರಬೇಕು. 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ 28 ಲೀಟರಿನಷ್ಟು ಅನಿಲ. ಅದು ಎರಡು ವಾರಕ್ಕೆ ಹಂಚಿಹೋದರೆ ನಿಮಿಷಕ್ಕೆ 1.4 ಮಿ.ಲೀ. ಆರಂಭದಲ್ಲಿ ಜೋರಾಗಿ, ಕೊನೆಗೆ ಮಂದವಾಗಿ ಬರುವುದರಿಂದ ಎರಡು ಬಾಟಲಿಗಳನ್ನು ವಾರದ ಅಂತರದಲ್ಲಿ ಹೂಡಿ. ಎರಡೂ ಸೇರಿ 2.8 ಮಿ.ಲೀ., 4 ಲೀಟರ್ ಗಾಳಿಗೆ ಬೆರೆತಾಗ 700 ಪಿಪಿಎಂ ಏರಿಕೆ. ಅನಿಲವನ್ನು ನೀರಿರುವ ಒಂದು ಸಣ್ಣ ಬಾಟಲಿಯ ಮೂಲಕ ಗುಳ್ಳೆಯಾಗಿ ಹಾಯಿಸಿದರೆ ಆಲ್ಕೋಹಾಲಿನ ಆವಿ ಬಹುಪಾಲು ಅಲ್ಲೇ ನಿಲ್ಲುತ್ತದೆ. ಆ ನೀರನ್ನು ಆಗಾಗ ಬದಲಿಸಿ. ಎರಡು ಎಚ್ಚರಿಕೆ: ಯೀಸ್ಟ್ ಬಾಟಲಿಯ ಕೊಳವೆ ಎಂದೂ ಕಟ್ಟಿಕೊಳ್ಳಬಾರದು, ಕಟ್ಟಿದರೆ ಬಾಟಲಿ ಸಿಡಿಯುತ್ತದೆ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಅದರೊಳಗೆ ಇಳಿಯುತ್ತದೆ.

ಅಳೆಯಲು ಸೆನ್ಸರ್ ಕೊಳ್ಳುವುದಾದರೆ ಅವಗೆಂಪು ಕಿರಣ ಬಳಸುವ ಎನ್‌ಡಿಐಆರ್ ಬಗೆಯದನ್ನೇ ಕೊಳ್ಳಿ. ಎಂಕ್ಯೂ-135ರಂಥ ಅಗ್ಗದವು ಆಲ್ಕೋಹಾಲಿನ ಆವಿಗೂ ಸ್ಪಂದಿಸುತ್ತವೆ. ಯೀಸ್ಟ್ ಇರುವಲ್ಲಿ ಅವುಗಳ ಅಂಕಿಗೆ ಅರ್ಥವಿಲ್ಲ. ಎನ್‌ಡಿಐಆರ್‌ನಲ್ಲೂ ಒಂದು ತೊಡಕಿದೆ. ಎಂಎಚ್-ಝಡ್19ರಂಥ ಹಲವು ಸೆನ್ಸರ್‌ಗಳು ತಾವು ಕಂಡ ಅತಿ ಕಡಿಮೆ ಪ್ರಮಾಣವನ್ನೇ 400 ಪಿಪಿಎಂ ಎಂದು ಹಿಡಿದು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಸದಾ 1,000ದಲ್ಲಿರುವ ಪೆಟ್ಟಿಗೆಯೊಳಗೆ ಇಟ್ಟರೆ ಕೆಲವೇ ದಿನಗಳಲ್ಲಿ ತಪ್ಪು ತೋರಿಸುತ್ತವೆ. ಆ ಸ್ವಯಂ ತಿದ್ದುಪಡಿಯನ್ನು ಆರಿಸಿಡಿ.

ಬೆಳಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟಿಷ್ ಸಸ್ಯವಿಜ್ಞಾನಿ ಬ್ಲ್ಯಾಕ್‌ಮನ್ 1905ರಲ್ಲೇ ಹೇಳಿದಂತೆ, ದ್ಯುತಿಸಂಶ್ಲೇಷಣೆಯ ವೇಗವನ್ನು ಹಿಡಿದು ನಿಲ್ಲಿಸುವುದು ಎಲ್ಲಕ್ಕಿಂತ ಕೊರತೆಯಾದ ಅಂಶ. ಕೋಣೆಯ ಮಂದ ಬೆಳಕಿನಲ್ಲಿ ಅನಿಲ ಎಷ್ಟು ಕೊಟ್ಟರೂ ವ್ಯತ್ಯಾಸ ಕಾಣುವುದು ಕಷ್ಟ. ಹಾಗೆಂದು ಬಿಸಿಲಿಗಿಟ್ಟರೆ ಪೆಟ್ಟಿಗೆಯೊಳಗೆ ಸಸಿ ಬೇಯುತ್ತದೆ. ಪ್ರತಿ ಪೆಟ್ಟಿಗೆಯ ಮೇಲೆ 20 ವ್ಯಾಟಿನ ಬಿಳಿ ಎಲ್‌ಇಡಿ, ಎಲೆಗಳಿಂದ 20-25 ಸೆಂ.ಮೀ. ಎತ್ತರ, ದಿನಕ್ಕೆ 14 ಗಂಟೆ. ಪೆಟ್ಟಿಗೆಗಳ ಜಾಗವನ್ನು ಮೂರು ದಿನಕ್ಕೊಮ್ಮೆ ಅದಲುಬದಲು ಮಾಡಿ.

ಮೂಲಂಗಿ ಒಳ್ಳೆಯ ಆಯ್ಕೆ. ಹುರುಳಿಕಾಯಿ ಗಿಡ, ಸೂರ್ಯಕಾಂತಿಯೂ ಆಗಬಹುದು. ಮೆಕ್ಕೆಜೋಳ, ಜೋಳ, ರಾಗಿ, ದಂಟು ಬೇಡ. ಇವು ಸಿ-4 ಗಿಡಗಳು, ತಮ್ಮ ಎಲೆಯೊಳಗೇ ಇಂಗಾಲದ ಡೈಆಕ್ಸೈಡ್ ಅನ್ನು ಸಾಂದ್ರಗೊಳಿಸಿಕೊಳ್ಳುತ್ತವೆ, ನಿಮ್ಮ ಹೆಚ್ಚುವರಿ ಅನಿಲದಿಂದ ಅವಕ್ಕೆ ಹೆಚ್ಚೇನೂ ಲಾಭವಿಲ್ಲ. ಯಾವ ಗಿಡವಾದರೂ ಮೊದಲ ವಾರ ಬದುಕುವುದು ಬಹುಪಾಲು ಬೀಜದ ದಾಸ್ತಾನಿನ ಮೇಲೆ. ಆದ್ದರಿಂದ ಹೆಚ್ಚು ಸಸಿ ಎಬ್ಬಿಸಿ, ಬೀಜದಳದ ನಂತರದ ಮೊದಲ ಎಲೆ ಬಿಚ್ಚಿದಾಗ ಒಂದೇ ಗಾತ್ರದವನ್ನು ಆರಿಸಿ ಪೆಟ್ಟಿಗೆಗೆ ಹತ್ತರಂತೆ ಇಡಿ.

ಎತ್ತರವನ್ನು ಫಲಿತಾಂಶವೆಂದು ಕೊಡಬೇಡಿ. ಬೆಳಕು ಸಾಲದ ಸಸಿಯೂ ಉದ್ದಕ್ಕೆ ಏರುತ್ತದೆ. ಬೇರು ತೊಳೆದು, ಇಡೀ ಗಿಡವನ್ನು ಕಾಗದದ ಲಕೋಟೆಯಲ್ಲಿ 70 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತಾಗ ಬರೆದುಕೊಳ್ಳಿ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದಾಗ ಇಂಥ ಗಿಡಗಳಲ್ಲಿ ಒಣ ತೂಕದ ಹೆಚ್ಚಳ ಸುಮಾರು ಮೂರನೇ ಒಂದು ಭಾಗದವರೆಗೆ ಇರಬಹುದು. ಬೆಳಕು, ಸಾರಜನಕ ಕಡಿಮೆಯಾದಷ್ಟೂ ಅದು ಕುಗ್ಗುತ್ತದೆ. ಎರಡೂ ಕಡೆ ಒಂದೊಂದೇ ಪೆಟ್ಟಿಗೆ ಇಟ್ಟಿದ್ದರೆ ವ್ಯತ್ಯಾಸ ಅನಿಲದ್ದೋ ಪೆಟ್ಟಿಗೆಯದೋ ಹೇಳಲಾಗದು, ನಾಲ್ಕು ಬೇಕೆಂದದ್ದು ಅದಕ್ಕೇ. ಸರಾಸರಿಯನ್ನು ಪೆಟ್ಟಿಗೆವಾರು ಬರೆಯಿರಿ.

ಏಳು ವಾರದಲ್ಲಿ ಮೊದಲ ಎರಡು ವಾರ ಗಿಡವಿಲ್ಲದೆ ಜೋಡಣೆಯನ್ನಷ್ಟೇ ನಡೆಸಿ, ಎರಡೂ ಯೀಸ್ಟ್ ಬಾಟಲಿ ಹದಕ್ಕೆ ಬರಲಿ. ಬೀಜವನ್ನು ಎರಡನೇ ವಾರದ ಆರಂಭದಲ್ಲಿ ಬೇರೆ ತಟ್ಟೆಯಲ್ಲಿ ಹಾಕಿ. ಮುಂದಿನ ನಾಲ್ಕು ವಾರ ಬೆಳವಣಿಗೆಗೆ, ಕೊನೆಯ ವಾರ ಒಣಗಿಸಿ ತೂಗುವುದಕ್ಕೆ.